ಅಜ್ಜನ ಪ್ಲೇಟಿಗೆ ಡಾಕ್ಟರ ಮದ್ದು

ದೀಪಾವಳಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಪಾದಕರು ಹಿಂದಿನಿಂದ ಬಂದು, "ಡಾಕ್ಟ್ರೇ, ಈ ಸಲವಾದರೂ ಇಬ್ಬರೂ ಸೇರಿ ಏನಾದರೂ ಬರೆದುಕೊಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮಾತ್ರ ಬೇಡ" ಎಂದರು. ಅವರ ತಟ್ಟೆಯಲ್ಲಿ ಮೂರು ಹೋಳಿಗೆ ಇದ್ದವು. ಆದ್ದರಿಂದ ಕಾರಣ ಕೇಳಲಿಲ್ಲ, ಒಪ್ಪಿಕೊಂಡೆವು. ಬರೆಯಲು ಕೂತಾಗ ನೆನಪಾದದ್ದು ನಾವು ಕೈಯಾರೆ ಕೆಡಿಸಿದ ಒಂದು ಕೇಸು. ರೋಗಿ ಮನುಷ್ಯನಲ್ಲ, ಅಜ್ಜನ ಕಾಲದ ಒಂದು ಗ್ರಾಮಫೋನ್ ಪ್ಲೇಟು.

ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1997ರಲ್ಲಿ ಮಿಶಿಗನ್‌ಗೆ ಬಂದು ರೆಸಿಡೆನ್ಸಿ ಮಾಡಿದವರು. ಬರುವಾಗ ತಂದದ್ದು ಒಂದು ಕುಕ್ಕರು, ದಪ್ಪ ಪುಸ್ತಕಗಳು, ಒಂದು ಚೀಲ ಕ್ಯಾಸೆಟ್ಟು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಫೋನಿನೊಳಗೇ ಹಾಡು ಬಂತು. ಗ್ರಾಮಫೋನ್ ಎನ್ನುವುದು ನಮಗೆ ಅಟ್ಟದ ಮೇಲಿನ ವಸ್ತುವಾಗಿತ್ತು. 2019ರಲ್ಲಿ ಗದಗಿನ ಮನೆ ಮಾರುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದೆವು. ಅದರಲ್ಲಿ ಹದಿನಾಲ್ಕು ದಪ್ಪ ಪ್ಲೇಟು, ಹತ್ತಿಪ್ಪತ್ತು ಎಲ್.ಪಿ., ಮುಚ್ಚಳದ ಮೇಲೆ ನಾಯಿಯ ಚಿತ್ರವಿದ್ದ ಒಂದು ಪಿನ್ನಿನ ಡಬ್ಬಿ. ಕಾಗದದ ಚೀಲಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಗ್ರಾಮಫೋನ್ ಯಂತ್ರ ಯಾವಾಗಲೋ ಗುಜರಿಗೆ ಹೋಗಿತ್ತು. ಸೀರೆಗಳ ನಡುವೆ ಸುತ್ತಿ ತಂದ ಹದಿನಾಲ್ಕರಲ್ಲಿ ಹನ್ನೊಂದು ಸುರಕ್ಷಿತವಾಗಿ ಡೆಟ್ರಾಯಿಟ್ ಸೇರಿದವು. ಮೂರು ಹಪ್ಪಳವಾದವು.

ಅಜ್ಜ ಗದಗಿನ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಆ ಸಂಬಳದಲ್ಲಿ ಪ್ಲೇಟು ಕೊಳ್ಳುವುದು ಸಣ್ಣ ಮಾತಲ್ಲ. ಅವರು ತುಂಬ ಜೋಪಾನ ಮಾಡುತ್ತಿದ್ದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು. ಗದಗಿನವರಿಗೆ ಖಾನ್ ಸಾಹೇಬರ ಪ್ಲೇಟೆಂದರೆ ಸ್ವಲ್ಪ ಜಂಬ ಇದ್ದೇ ಇದೆ. ಅವರ ಪ್ಲೇಟು ಕೇಳಿಯೇ ನಮ್ಮೂರಿನ ಒಬ್ಬ ಹುಡುಗ ಹಾಡಿನ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ಊರೂರು ಅಲೆದು ಕೊನೆಗೆ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ. ಆ ಹುಡುಗ ಭೀಮಸೇನ ಜೋಶಿ. ಮೂರು ಮೂರೂವರೆ ನಿಮಿಷದ ಒಂದು ಬದಿ ಏನು ಮಾಡಬಲ್ಲದು ನೋಡಿ.

ನಮ್ಮ ಮನೆಯಲ್ಲಿ ಈ ಪ್ಲೇಟುಗಳು ಮತ್ತೆ ಮೂರು ವರ್ಷ ಕಪಾಟಿನಲ್ಲೇ ಮಲಗಿದ್ದವು. 2022ರಲ್ಲಿ ಮಗಳು ಕಾಲೇಜಿನಿಂದ ಬರುವಾಗ ಒಂದು ಟರ್ನ್‌ಟೇಬಲ್ ಹೊತ್ತುಕೊಂಡು ಬಂದಳು. ಅದೇ ವರ್ಷ ಅಮೆರಿಕದಲ್ಲಿ ಸಿ.ಡಿ.ಗಿಂತ ವಿನೈಲ್ ರೆಕಾರ್ಡುಗಳು ಹೆಚ್ಚು ಮಾರಾಟವಾದವು, 1987ರ ನಂತರ ಅದೇ ಮೊದಲು. ನಾವು ಕಸವೆಂದು ಬಿಟ್ಟದ್ದಕ್ಕೆ ನಮ್ಮ ಮಕ್ಕಳು ಮೂವತ್ತು ಡಾಲರ್ ಕೊಡುತ್ತಿದ್ದಾರೆ! ಅವಳ ಯಂತ್ರದಲ್ಲಿ 33, 45 ಅಲ್ಲದೆ 78ರ ವೇಗವೂ ಇತ್ತು. "ಮುತ್ತಜ್ಜನ ಪ್ಲೇಟು ಹಾಕೋಣ" ಎಂದಳು.

ತೆಗೆದು ನೋಡಿದರೆ ಪ್ಲೇಟಿನ ತುಂಬ ಧೂಳು, ಅಲ್ಲಲ್ಲಿ ಬೂಸ್ಟಿನ ಬಿಳಿ ಕಲೆ. ಇಬ್ಬರು ಡಾಕ್ಟರು ಒಂದೆಡೆ ಕೊಳೆ ಕಂಡರೆ ಏನು ಮಾಡುತ್ತಾರೆ? ಸ್ಪಿರಿಟ್ ಹುಡುಕುತ್ತಾರೆ. ಬಚ್ಚಲುಮನೆಯ ಕಪಾಟಿನಲ್ಲಿ ಎಪ್ಪತ್ತು ಶೇಕಡಾ ಐಸೊಪ್ರೊಪೈಲ್ ಬಾಟಲಿ ಇತ್ತು. ನಮ್ಮಲ್ಲೊಬ್ಬರು ದೀಪ ಹಿಡಿದರು, ಇನ್ನೊಬ್ಬರು ಹತ್ತಿಯನ್ನು ಅದ್ದಿ, ಇಂಜೆಕ್ಷನ್ನಿಗೆ ಮುಂಚೆ ತೋಳು ಒರೆಸುವ ಹಾಗೆ, ಪ್ಲೇಟಿನ ಕಾಲು ಭಾಗವನ್ನು ಗಟ್ಟಿಯಾಗಿ ಒರೆಸಿದರು. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಬಂತು ನೋಡು ಎಂದು ಹಿಗ್ಗಿದೆವು. ಹೊಸ ಹತ್ತಿ ತೆಗೆದುಕೊಂಡೆವು, ಅದೂ ಕಪ್ಪಾಯಿತು. ಮೂರನೆಯದೂ ಕಪ್ಪಾದಾಗ ಇಬ್ಬರಿಗೂ ಹೊಟ್ಟೆಯಲ್ಲಿ ಏನೋ ಆಯಿತು. ಒರೆಸಿದ ಜಾಗದ ಹೊಳಪು ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ಹತ್ತಿಗೆ ಬಂದದ್ದು ಕೊಳೆಯಲ್ಲ, ಪ್ಲೇಟೇ.

ವಿನೈಲ್ ಎಂಬುದು ಎಲ್.ಪಿ.ಯ ಸಾಮಗ್ರಿ. ಅದಕ್ಕೂ ಮುಂಚಿನ 78ರ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಶೆಲ್ಯಾಕ್‌ನಿಂದ, ಅಂದರೆ ನಮ್ಮ ಅರಗಿನಿಂದ. ಮರದ ಕೊಂಬೆಗೆ ಹತ್ತುವ ಅರಗಿನ ಹುಳು ಸುರಿಸುವ ಅಂಟು ಅದು. ಅದಕ್ಕೆ ನುಣುಪಾದ ಕಲ್ಲಿನ ಪುಡಿ, ಮಸಿ ಬೆರೆಸಿ, ಬಿಸಿ ಮಾಡಿ ಒತ್ತಿದರೆ ಪ್ಲೇಟು. ನಮ್ಮ ದೇಶದಲ್ಲಿ ಇಂಥ ಪ್ಲೇಟುಗಳು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಅರಗು ಬೆಂಕಿಗೆ ಕರಗುತ್ತದೆ ಎಂದು ಪಾಂಡವರ ಕತೆ ಕೇಳಿದ ಮಕ್ಕಳಿಗೂ ಗೊತ್ತು. ಸ್ಪಿರಿಟ್ಟಿಗೂ ಕರಗುತ್ತದೆ ಎಂದು ಬಾಗಿಲಿಗೆ ಫ್ರೆಂಚ್ ಪಾಲಿಶ್ ಮಾಡುವವರಿಗೆ ಗೊತ್ತು. ಅವರು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲೇ ನೆನೆಹಾಕುತ್ತಾರೆ. ಗೊತ್ತಿಲ್ಲದೆ ಹೋದದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿ ಪಾಸಾದ ನಮ್ಮಿಬ್ಬರಿಗೆ.

ಹೀಗೆ ಕೆಟ್ಟ ಮೇಲೆ ಬುದ್ಧಿ ಬಂತು. ಈಗ ನಮ್ಮ ಮನೆಯಲ್ಲಿ ಪ್ಲೇಟು ಯಾವುದೆಂದು ಗುರುತಿಸದೆ ಯಾವ ನೀರೂ ಮುಟ್ಟುವುದಿಲ್ಲ. ದಪ್ಪ, ಭಾರ, ಬಾಗದ್ದು, ಲೇಬಲ್ಲಿನ ಮೇಲೆ 78 ಎಂದಿದ್ದರೆ ಅರಗು. ತೆಳ್ಳಗೆ, ಸ್ವಲ್ಪ ಬಾಗುವಂಥದ್ದು ವಿನೈಲ್. ಅನುಮಾನವಿದ್ದರೆ ಅರಗೆಂದೇ ಲೆಕ್ಕ. ಎರಡಕ್ಕೂ ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಬೇಕು. ಆಮೇಲೆ ಒಂದು ಬಟ್ಟಲು ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ಒಂದೆರಡು ಹನಿ, ಅಷ್ಟೇ. ನಲ್ಲಿಯ ನೀರು ಬೇಡ, ಆರಿದ ಮೇಲೆ ಅದರ ಸುಣ್ಣ ಗೆರೆಯೊಳಗೆ ಉಳಿಯುತ್ತದೆ. ಮೆತ್ತನೆ ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಬೇಕು, ಅಡ್ಡಡ್ಡ ಅಲ್ಲ. ಲೇಬಲ್ಲಿಗೆ ನೀರು ತಾಗಬಾರದು. ನಂತರ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ, ಪಾತ್ರೆ ಆರಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಆಯಿತು. ಅರಗಿನ ಪ್ಲೇಟನ್ನು ನೀರಿನಲ್ಲಿ ನೆನೆಹಾಕಬಾರದು. ಬಿಸಿನೀರು, ಹೇರ್ ಡ್ರೈಯರು ಎರಡಕ್ಕೂ ನಿಷಿದ್ಧ. ಇಡುವಾಗ ರೊಟ್ಟಿಯ ಹಾಗೆ ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬೇಸಿಗೆಯಲ್ಲಿ ಕಾರಿನಲ್ಲಿ ಮರೆತರೆ ಎಲ್.ಪಿ. ದೋಸೆಯಂತೆ ಸುರುಟಿಕೊಳ್ಳುತ್ತದೆ.

ಈ ದೇಶದ ಚಳಿಗಾಲದ್ದು ಬೇರೆಯೇ ಪೀಡೆ. ಹೀಟರಿನ ಒಣಹವೆಗೆ ವಿನೈಲ್ ವಿದ್ಯುತ್ತು ತುಂಬಿಕೊಂಡು ಕೋಣೆಯ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಒಣ ಬಟ್ಟೆಯಿಂದ ಉಜ್ಜಿದಷ್ಟೂ ಹೆಚ್ಚುತ್ತದೆ. ಅದಕ್ಕೆ ಕಾರ್ಬನ್ ಎಳೆಯ ಒಂದು ಬ್ರಷ್ ಸಿಗುತ್ತದೆ. ಪ್ಲೇಟು ತಿರುಗುತ್ತಿರುವಾಗ ಮೇಲೆ ಹಗುರವಾಗಿ ಹಿಡಿದರೆ ಸಾಕು.

ಇನ್ನು ಸೂಜಿ. ಅಜ್ಜನ ಕಾಲದ್ದು ಉಕ್ಕಿನ ಪಿನ್ನು. ಒಂದು ಬದಿ ಹಾಡಿದ ಮೇಲೆ ಬಿಸಾಡಿ ಹೊಸದು ಹಾಕಬೇಕಿತ್ತು. ಪ್ಲೇಟಿನೊಳಗಿನ ಕಲ್ಲಿನ ಪುಡಿ ಪಿನ್ನನ್ನು ಅರೆದು ಗೆರೆಗೆ ಹೊಂದುವ ಆಕಾರಕ್ಕೆ ತರುತ್ತಿತ್ತು, ಅದೇ ಪಿನ್ನನ್ನು ಮತ್ತೆ ಹಾಕಿದರೆ ಗೆರೆಯನ್ನು ಕೆತ್ತುತ್ತಿತ್ತು. ಯುದ್ಧದ ವರ್ಷಗಳಲ್ಲಿ ಪಿನ್ನು ಸಿಗದೆ ಅಜ್ಜ ಜಾಲಿಮುಳ್ಳನ್ನು ಕತ್ತರಿಸಿ ಹಾಕುತ್ತಿದ್ದರಂತೆ. ಈಗಿನದು ವಜ್ರದ ತುದಿ. ಎಲ್.ಪಿ. ಸೂಜಿ ಪ್ಲೇಟಿನ ಮೇಲೆ ಊರುವ ಭಾರ ಸುಮಾರು ಎರಡು ಗ್ರಾಂ ಮಾತ್ರ. ಆದರೆ ಆ ಭಾರವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ. ಎಲ್.ಪಿ.ಯ ಒಂದು ಬದಿಯ ಗೆರೆಯನ್ನು ಬಿಚ್ಚಿ ನೆಲದ ಮೇಲೆ ಎಳೆದರೆ ಸುಮಾರು 400 ಮೀಟರ್ ಆಗುತ್ತದೆ. ಸೂಜಿಗೆ ಅಂಟಿದ ಒಂದು ಕಣ ಧೂಳು ಅಷ್ಟು ಉದ್ದಕ್ಕೂ ಉಳುತ್ತ ಹೋಗುತ್ತದೆ. ಪ್ಲೇಟು ತೊಳೆದು ಸೂಜಿ ಬಿಡುವುದೆಂದರೆ ರೋಗಿಗೆ ಸ್ನಾನ ಮಾಡಿಸಿ ತುಕ್ಕು ಹಿಡಿದ ಚಾಕು ಎತ್ತಿಕೊಂಡ ಹಾಗೆ.

ಸೂಜಿಯನ್ನು ಬೆರಳಿನಿಂದ ಮುಟ್ಟುವ ಚಾಳಿ ಬಹಳ ಜನಕ್ಕಿದೆ, ನಮ್ಮ ಮಗಳಿಗೂ ಇತ್ತು. ಬೆರಳಿನ ಜಿಡ್ಡಿಗೆ ಇನ್ನಷ್ಟು ಧೂಳು ಹತ್ತುತ್ತದೆ, ಸೂಜಿ ಕೂತ ಸಣ್ಣ ಕಡ್ಡಿಯೂ ಬಾಗಬಹುದು. ಚಿಕ್ಕ ಮೆತ್ತನೆ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ, ಅಂದರೆ ಪ್ಲೇಟು ಚಲಿಸುವ ದಿಕ್ಕಿನಲ್ಲೇ, ಒಂದೆರಡು ಸಲ ಎಳೆಯಿರಿ. ಮುಂದಿನಿಂದ ಹಿಂದಕ್ಕೆ, ಅಡ್ಡಡ್ಡಕ್ಕೆ ಬೇಡ. ಮತ್ತೊಂದು ಮಾತು: ಎಲ್.ಪಿ. ಸೂಜಿಯಿಂದ 78 ಕೇಳಬೇಡಿ. 78ರ ಗೆರೆ ಅಗಲ. ಎಲ್.ಪಿ. ಸೂಜಿ ಅದರ ತಳಕ್ಕೇ ಇಳಿದು ಅಲ್ಲಿನ ಕಸದಲ್ಲಿ ಹೊರಳಾಡುತ್ತದೆ, ಹಾಡಿಗಿಂತ ಮರಳು ಹುರಿದ ಸದ್ದೇ ಹೆಚ್ಚು. 78ಕ್ಕೆಂದೇ ದಪ್ಪ ತುದಿಯ ಸೂಜಿ ಸಿಗುತ್ತದೆ. ಅದನ್ನು ಕೊಂಡು ಹಾಕಿದ ಸಂಜೆ ಖಾನ್ ಸಾಹೇಬರು ನಮ್ಮ ಬೇಸ್‌ಮೆಂಟಿನಲ್ಲಿ ಮೊದಲ ಸಲ ಹಾಡಿದರು, ನಾವು ಮುಟ್ಟದೇ ಬಿಟ್ಟಿದ್ದ ಬದಿ.

"ಇದೇ ಹಾಡು ಯೂಟ್ಯೂಬಿನಲ್ಲಿ ಇನ್ನೂ ಚೆನ್ನಾಗಿದೆಯಲ್ಲ" ಎಂದಳು ಮಗಳು. ಇದೆ. ನಮಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

2023ರ ಬೇಸಿಗೆಗೆ ಅವ್ವ ಬಂದರು. ನಮ್ಮಲ್ಲೊಬ್ಬರಿಗೆ ಹೆತ್ತವ್ವ, ಇನ್ನೊಬ್ಬರಿಗೆ ಅತ್ತೆ. ಯಾರಿಗೆ ಏನೆಂದು ಕೂಟದವರಿಗೆಲ್ಲ ಗೊತ್ತು. ಪ್ಲೇಟು ಅವರ ಅಪ್ಪನದು. ಬರುವ ಮುಂಚೆ ಅದನ್ನು ಬಚ್ಚಿಡುವುದೋ ಹೇಳುವುದೋ ಎಂದು ವಾರಗಟ್ಟಲೆ ಚರ್ಚೆ ಮಾಡಿದೆವು. ರೋಗಿಗಳಿಗೆ ಕೆಟ್ಟ ಸುದ್ದಿ ಹೇಳುವುದಕ್ಕೆ ನಮಗೆ ತರಬೇತಿ ಇದೆ, ಅವ್ವನಿಗೆ ಹೇಳುವುದಕ್ಕೆ ಇಲ್ಲ. ಕೊನೆಗೆ ಒಂದು ಸಂಜೆ ಚಹಾ ಕೊಟ್ಟು ಕೂರಿಸಿ, ಒಳ್ಳೆಯ ಬದಿ ಹಾಕಿದೆವು. ಅವ್ವ ಕಣ್ಣು ಮುಚ್ಚಿ ಕೂತರು. ನಡುವೆ ಒಂದು ಕಡೆ ಟಕ್, ಟಕ್, ಟಕ್ ಎಂದು ಮೂರು ಸಲ ಸದ್ದಾಗುತ್ತದೆ. ಅದು ಬರುವ ಮುಂಚೆಯೇ ಅವ್ವನ ಬೆರಳು ಕುರ್ಚಿಯ ಕೈಮೇಲೆ ಮೂರು ಸಲ ಬಡಿದು ಮುಗಿಸಿತ್ತು.

"ನನ್ನ ತಮ್ಮ ಕೆಡವಿದ್ದು" ಎಂದರು. "ಐದು ವರ್ಷದಾಂವ ಇದ್ದ. ಅಪ್ಪ ಒಂದ ಮಾತ ಬೈಲಿಲ್ಲ. ಎರಡ ದಿನ ಉಣಲಿಲ್ಲ ಅಷ್ಟ." ಆ ಮಾಮ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಯೂಟ್ಯೂಬಿನಲ್ಲಿ ಆ ಮೂರು ಟಕ್ ಇಲ್ಲ.

"ಮಗ್ಗಲಾ ಹೊಳ್ಳಸ್ರಿ" ಎಂದರು ಅವ್ವ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳಿಬಿಟ್ಟೆವು. ಅವ್ವ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬೂದು ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಏನ್ ಮಾಡೀರ್ರೆಪಾ ಇದಕ್ಕ? ಅರಗಿಗೆ ಸ್ಪಿರಿಟ್ ಹಚ್ಚಬಾರದಂತ ಪಾಲಿಶ್ ಮಾಡಾಂವಗ ಗೊತ್ತಿರತದ. ನೀವು ಡಾಕ್ಟರ್ ಇದ್ದೀರಿ."

ನಾವು ಸುಮ್ಮನೆ ನಿಂತಿದ್ದೆವು.

"ಹಚ್ರಿ, ಏನ್ ಉಳದದ ಕೇಳೂಣು."

ಹಾಕಿದೆವು. ಪ್ಲೇಟು ಸುತ್ತಿದಷ್ಟು ಸಲ, ನಿಮಿಷಕ್ಕೆ ಎಪ್ಪತ್ತೆಂಟು ಸಲ, ಸರ್ರ್ ಎಂಬ ಸದ್ದು ದನಿಯ ಮೇಲೆ ಬರುತ್ತದೆ, ಹೋಗುತ್ತದೆ. ಕೊನೆಯ ತನಕ ಕೇಳಿದರು. ತಾನ್ ಬಂದ ಕಡೆ, ಪೂರಾ ಮುಚ್ಚಿಹೋದ ಒಂದು ಜಾಗದಲ್ಲಿ, ಅವ್ವನೇ ಸಣ್ಣಗೆ ಗುನುಗಿದರು. ಆಮೇಲೆ ಚಹಾ ಆರಿದೆ ಎಂದು ಎದ್ದು ಹೋದರು. ಊರಿಗೆ ಹೊರಡುವವರೆಗೆ ಆ ವಿಷಯ ಎತ್ತಲಿಲ್ಲ. ಹೊರಡುವ ದಿನ ಮಾತ್ರ ಕಪಾಟಿನ ಕಡೆ ಕೈ ತೋರಿಸಿ, "ಉಳದ ಹತ್ತರ ತಂಟೆಕ್ಕ ಹೋಗಬ್ಯಾಡ್ರಿ" ಎಂದರು.

ಹೋದೆವು, ಆದರೆ ಡಿಸ್ಟಿಲ್ಡ್ ವಾಟರ್ ಹಿಡಿದುಕೊಂಡು. ಹತ್ತೂ ಚೆನ್ನಾಗಿವೆ. ಪ್ರತಿಯೊಂದನ್ನೂ ಒಂದು ಸಲ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇವೆ. ಅವ್ವನಿಗೆ ಫೋನಿಗೆ ಕಳಿಸಿದ್ದೇವೆ, ಟಕ್ ಟಕ್ ಸಮೇತ.

ನಮ್ಮ ಕೂಟದಲ್ಲಿ ಯಾರ ಮನೆಯಲ್ಲಾದರೂ ಹಳೆಯ ಪ್ಲೇಟುಗಳು ಬೇಸ್‌ಮೆಂಟಿನಲ್ಲಿ ಬಿದ್ದಿದ್ದರೆ ಯುಗಾದಿ ಕಾರ್ಯಕ್ರಮದ ದಿನ ತನ್ನಿ. ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಬ್ರಷ್, ಬಟ್ಟೆ, ಎರಡು ಬಗೆಯ ಸೂಜಿ ಇಟ್ಟುಕೊಂಡು ಕೂತಿರುತ್ತೇವೆ. ಕಾಗದದ ಹೊಸ ಚೀಲಗಳನ್ನು ಮಗಳು ತರುತ್ತಾಳೆ. ಸ್ಪಿರಿಟ್ ಬಾಟಲಿ ಮನೆಯಲ್ಲೇ ಇರುತ್ತದೆ.