ಚಾಮರಾಜನಗರದ ಡೀಸೆಲ್ ಗಾಡಿ

ನಮ್ಮ ತಿ. ನರಸೀಪುರಕ್ಕೆ ರೈಲಿಲ್ಲ. ಕಪಿಲೆ ಕಾವೇರಿಯರ ಸಂಗಮವಿದೆ, ಗುಂಜಾ ನರಸಿಂಹಸ್ವಾಮಿ ಇದ್ದಾನೆ; ರೈಲು ನೋಡಬೇಕೆಂದರೆ ಮಾತ್ರ ನಂಜನಗೂಡಿನ ಬಸ್ಸು ಹತ್ತಬೇಕಿತ್ತು. ಬೇಸಿಗೆ ರಜೆ ಬಂತೆಂದರೆ ಸೋದರಮಾವನ ಮನೆ, ಮಾವನ ಮಗನ ಜೊತೆ ಕಪಿಲೆಯ ದಂಡೆ, ಅಲ್ಲಿಯ ಹಳೇ ಸೇತುವೆ.

1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲುಸೇತುವೆ ಅದು. ಮೈಸೂರಿನಿಂದ ನಂಜನಗೂಡಿಗೆ ಮೀಟರ್‌ಗೇಜ್ ಹಳಿ ಬಂದದ್ದು 1891ರಲ್ಲಿ. ಚಾಮರಾಜನಗರ ಮುಟ್ಟಿದ್ದು 1926ರಲ್ಲಿ. ಎತ್ತಿನ ಗಾಡಿಗಳ ಕಾಲದ ಆ ಕಮಾನುಗಳ ಮೇಲೆ ರಸ್ತೆಯೂ ಹಳಿಯೂ ಅಕ್ಕಪಕ್ಕ ಓಡಿದವು. ಅಂಥ ಕಲ್ಲುಗೆಲಸ ಮಾಡಿದವರಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಕಲ್ಲಿದ್ದಲಿನ ಎಂಜಿನ್ನಿಗಾಗಿ ಮರುಗುವವರು ಬಹಳ. ನಮ್ಮಿಬ್ಬರ ಪ್ರೀತಿಯೆಲ್ಲ ಡೀಸೆಲ್ಲಿನ ಮೇಲೆ. ವೈಡಿಎಂ-4 ಅಂತ ಅದರ ಹೆಸರು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 1968ರಿಂದ ವಾರಾಣಸಿಯಲ್ಲೇ ತಯಾರಿ, ಆರು ಸಿಲಿಂಡರು, 1,400 ಅಶ್ವಶಕ್ತಿ. “ಇದೇನ್ಲಾ, ಪೆಟ್ಟಿಗೆ ಹಂಗದೆ” ಎಂದು ಮಾವ ಮೂಗು ಮುರಿದಿದ್ದರು. ನಿಂತಲ್ಲೇ ಅದು ಗುಡುಗುಡು ಅನ್ನುತ್ತಿದ್ದರೆ ಪ್ಲಾಟ್‌ಫಾರಮ್ಮಿನ ನಡುಕ ನಮ್ಮ ಬರಿಗಾಲಿಗೆ ಹತ್ತುತ್ತಿತ್ತು. ಹೊರಡುವಾಗ ಒಮ್ಮೆಗೇ ಕಪ್ಪು ಹೊಗೆ. ಎಣ್ಣೆ ಮುಂದಾಗಿ, ಟರ್ಬೊ ತಳ್ಳುವ ಗಾಳಿ ಹಿಂದಾಗುವ ಆ ನಾಲ್ಕು ಕ್ಷಣದ ಹೊಗೆ. ಆಮೇಲೆ ಉಸಿರು ಸರಿಹೋಗಿ ದನಿ ಏರುತ್ತಿತ್ತು.

“ಡೀಸೆಲ್ಲು ಚಕ್ರ ತಿರುಗಿಸಲ್ಲ ಕಣೋ, ಕರೆಂಟು ಮಾಡ್ತದೆ. ಚಕ್ರ ತಿರುಗಿಸೋದು ಆ ಕರೆಂಟು” ಎಂದು ಮಾವನ ಮಗ ಯಾರೋ ಡ್ರೈವರಿಂದ ಕೇಳಿಕೊಂಡು ಬಂದು ಹೇಳಿದ್ದ. ಹೊಟ್ಟೆಯೊಳಗೊಂದು ವಿದ್ಯುತ್ ಕಾರ್ಖಾನೆಯನ್ನೇ ಇಟ್ಟುಕೊಂಡು ಓಡುತ್ತದಲ್ಲ ಎಂದು ಆ ರಾತ್ರಿ ಜಗಲಿಯ ಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ನನಗೆ ಎಂಜಿನಿಯರಿಂಗಿನ ಹುಚ್ಚು ಹಿಡಿಸಿದ್ದು ಆ ಮಾತೇ.

ನಾನು ಊರಿಗೆ ಮರಳುವಾಗ ಅವನದೊಂದು ಕೆಲಸವಿತ್ತು. ಗಾಡಿ ದಾಟಿದ ಗಳಿಗೆಗೆ ಸೇತುವೆಯ ಕೆಳಗೆ ಹೂವು ತೇಲಿಬಿಡುವುದು. ಕಪಿಲೆ ಹೇಗಿದ್ದರೂ ನಮ್ಮೂರಿಗೇ ಬರಬೇಕಲ್ಲ. ನಾನು ಸಂಗಮದ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ತೇಲಿಬಂದ ಕಣಗಿಲೆಯೆಲ್ಲ ಅವನದೇ.

2008ರ ಹೊತ್ತಿಗೆ ಬ್ರಾಡ್‌ಗೇಜ್ ಬಂತು, ರೈಲು ಹಳೇ ಸೇತುವೆಯನ್ನು ಬಿಟ್ಟಿತು. ದೇಶದ ಮೀಟರ್‌ಗೇಜ್ ಹಳಿ ಕಿತ್ತಂತೆಲ್ಲ ವೈಡಿಎಂ-4ಗಳಲ್ಲಿ ಹಲವು ಮ್ಯಾನ್ಮಾರ್, ಮಲೇಷ್ಯಾಗಳಿಗೆ ಹೋದವು. ನಮ್ಮ ಸೇತುವೆ ದಾಟಿದ್ದೊಂದಾದರೂ ಅವುಗಳಲ್ಲಿ ಇದ್ದೇ ಇರುತ್ತದೆ ಎನ್ನುತ್ತಾನೆ ಮಾವನ ಮಗ. ನನಗೂ ಹಾಗೇ ಅನ್ನಿಸುತ್ತದೆ.