ವೈಟ್‌ಫೀಲ್ಡಿನ ಲಗೋರಿ ಚೆಂಡು

ಬೆಂಗಳೂರಿನ ಹೊರಮೈಯಲ್ಲಿ ಮೂರು ಕಡೆಗೆ ಮೂರು ದುಡಿಮೆಯ ಊರುಗಳು ಬೆಳೆದು ನಿಂತಿರುವುವು. ಪೂರ್ವಕ್ಕೆ ವೈಟ್‌ಫೀಲ್ಡು, ವಾಯವ್ಯಕ್ಕೆ ಪೀಣ್ಯ, ದಕ್ಷಿಣದಲ್ಲಿ ಹೊಸೂರು ರಸ್ತೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿ. ಈ ಸ್ಥಳಗಳಿಗೆ ಜನರು ಹೊಟ್ಟೆಪಾಡಿಗಾಗಿ ಹೋಗುವರೇ ಹೊರತು ನೋಟಕ್ಕಾಗಿ ಹೋಗುವವರು ವಿರಳ. ಗುಡಿಯಿಲ್ಲದ, ಹೊಳೆಯಿಲ್ಲದ, ಹಳೆಯ ಕೋಟೆಯಿಲ್ಲದ ಊರಿಗೆ ಪ್ರವಾಸವೇಕೆಂದು ಯಾರಾದರೂ ಕೇಳಿಯಾರು. ನಾನು ಈ ಮೂರು ಪ್ರಾಂತಗಳನ್ನೂ ಒಂದೇ ವಾರದಲ್ಲಿ ಸುತ್ತಿ ಬಂದೆನು. ಅದಕ್ಕೆ ಕಾರಣವಾದದ್ದು ಎರಡೂವರೆ ಅಂಗುಲದ ಒಂದು ಚೆಂಡು.

ವೈಟ್‌ಫೀಲ್ಡಿನ ವೃತ್ತಾಂತವು ಕೌತುಕವಾದುದು. 1882ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಬೇಸಾಯದಿಂದ ಬಾಳಬೇಕೆಂದು ಬಂದ ಕುಟುಂಬಗಳು ಅಲ್ಲಿ ನೆಲೆಸಿದುವು. ಸಂಘದ ಮುಂದಾಳುಗಳಾಗಿದ್ದ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ದುಂಡಗೆ ಬಳಸಿ ಬರುವ ಅಂದಿನ ಬೀದಿಯನ್ನು ಇಂದಿಗೂ ಇನ್ನರ್ ಸರ್ಕಲ್ ಎನ್ನುವರು. ಸುಮಾರು ನೂರು ವರ್ಷ ಆ ಊರು ತನ್ನ ಪಾಡಿಗೆ ತಾನು ಹಳ್ಳಿಯಾಗಿಯೇ ಇದ್ದಿತು. 1990ರ ದಶಕದಲ್ಲಿ ಗಣಕಯಂತ್ರದ ಉದ್ಯಮದವರು ಬಂದ ಮೇಲೆ ಹೊಲಗಳು ಮಹಡಿಗಳಾದುವು. ಅಂಥ ಒಂದು ಮಹಡಿಯಲ್ಲಿ, ಕಾಡುಗೋಡಿಗೆ ಸಮೀಪದಲ್ಲಿ, ನನ್ನ ಮಗಳ ಮನೆಯಿದೆ.

ಮೊಮ್ಮಗಳಿಗೆ ಎಂಟು ವರ್ಷ. ಬೇಸಗೆಯ ರಜೆಯಲ್ಲಿ ಊರಿಗೆ ಬಂದಾಗ ಕೇರಿಯ ಮಕ್ಕಳೊಡನೆ ಲಗೋರಿ ಆಡಿ, ಆ ಆಟದ ಹುಚ್ಚನ್ನು ಹಚ್ಚಿಕೊಂಡು ಹೋಗಿದ್ದಳು. ಲಗೋರಿಯನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಚಪ್ಪಟೆಯಾದ ಏಳು ಬಿಲ್ಲೆಗಳನ್ನು ದೊಡ್ಡದರ ಮೇಲೆ ಸಣ್ಣದಾಗಿ ಒಟ್ಟಿ, ಒಂದು ಪಂಗಡದವರು ಚೆಂಡಿನಿಂದ ಉರುಳಿಸುವುದು. ಅವರು ಮತ್ತೆ ಒಟ್ಟುವಷ್ಟರಲ್ಲಿ ಎದುರು ಪಂಗಡದವರು ಅದೇ ಚೆಂಡಿನಿಂದ ಅವರನ್ನು ಹೊಡೆಯುವುದು. ನಾವು ಚಿಕ್ಕವರಾಗಿದ್ದಾಗ ಹಳೆಯ ಅರಿವೆಯನ್ನು ಉಂಡೆ ಸುತ್ತಿ ಹುರಿಯಿಂದ ಬಿಗಿದರೆ ಚೆಂಡಾಯಿತು, ಬೀದಿಯೇ ಬಯಲಾಯಿತು. ಮಗಳ ಮನೆಯ ಕಟ್ಟಡದಲ್ಲಿಯಾದರೋ ನೆಲದ ಮಟ್ಟವೆಲ್ಲ ಕಾರುಗಳಿಗೆ ಮೀಸಲು. ನಡುವೆ ಕಲ್ಲು ಹಾಸಿದ ಸಣ್ಣ ಅಂಗಳವೊಂದು ಉಂಟು. ಅದರ ಗೋಡೆಯ ಮೇಲೆ ‘ಇಲ್ಲಿ ಚೆಂಡಾಟ ಆಡಕೂಡದು’ ಎಂಬ ಹಲಗೆ. ಹಿಂದೆ ಯಾರೋ ಹುಡುಗರು ಹೊಡೆದ ಚೆಂಡು ಒಂದು ಕಾರಿನ ಗಾಜನ್ನು ಪುಡಿಮಾಡಿತ್ತಂತೆ. ಸಂಘದವರ ಮಾತನ್ನು ತಪ್ಪೆನ್ನಲಾಗದು. ಆದರೆ ಅದರ ಫಲವೇನೆಂದರೆ, ಅರುವತ್ತು ಮನೆಗಳ ಮಕ್ಕಳು ಸಂಜೆ ಒಬ್ಬೊಬ್ಬರಾಗಿ ತಂತಮ್ಮ ಕೋಣೆಗಳಲ್ಲಿ ಫೋನು ಹಿಡಿದು ಕುಳಿತಿರುವುದು. ಪಕ್ಕದ ಮನೆಯ ಮಗುವಿನ ಹೆಸರು ಮೊಮ್ಮಗಳಿಗೆ ತಿಳಿಯದು!

“ಅಜ್ಜಿ, ಗಾಜು ಒಡೆಯದ ಚೆಂಡು ಮಾಡಿಕೊಡು” ಎಂದಳು. ಕ್ರೋಶಾ ಕಡ್ಡಿ ನನ್ನ ಕೈಚೀಲದಲ್ಲಿ ಸದಾ ಇರುವುದಾದುದರಿಂದ ಆಗಲೆಂದೆನು.

ಕ್ರೋಶೆ ಎಂಬುದು ಫ್ರೆಂಚ್ ಭಾಷೆಯ ಮಾತು. ಚಿಕ್ಕ ಕೊಕ್ಕೆ ಎಂದು ಅರ್ಥ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಘೋರವಾದ ಕ್ಷಾಮ ಬಂದಾಗ ಅಲ್ಲಿಯ ಹೆಂಗಸರು ಈ ಕೊಕ್ಕೆಯಿಂದ ಲೇಸು ಹೆಣೆದು ಮಾರಿ ಸಂಸಾರ ನಡೆಸಿದರು. ನಮ್ಮ ದೇಶಕ್ಕೆ ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳ ಮೂಲಕ ಹರಡಿತು. ಗೋದಾವರಿ ಸೀಮೆಯ ನರಸಾಪುರದ ಲೇಸು ಈಗಲೂ ಹೆಸರಾದುದು. ನಮ್ಮ ತಾಯಂದಿರು ಮೇಜಿನ ಹೊದಿಕೆಯನ್ನೂ ಬಾಗಿಲ ತೋರಣವನ್ನೂ ಮಾಡುತ್ತಿದ್ದುದಕ್ಕೆ ಮೂಲ ಇದೇ. ಹೆಣೆದ ಬೊಂಬೆಗಳಲ್ಲಿ ಹತ್ತಿ ತುಂಬುವ ವಿದ್ಯೆಗೆ ಜಪಾನಿನವರು ಅಮಿಗುರುಮಿ ಎಂದು ಹೆಸರಿಟ್ಟು, ಈಗ ಜಗತ್ತಿನ ಹುಡುಗಿಯರೆಲ್ಲ ಅದರ ಬೆನ್ನು ಹತ್ತಿದ್ದಾರೆ.

ಲಗೋರಿಯ ಏಳು ಬಿಲ್ಲೆಗಳ ನೆನಪಿಗೆ ಚೆಂಡಿನ ಮೇಲೆ ಏಳು ಬಣ್ಣದ ಪಟ್ಟಿಗಳಿರಬೇಕೆಂದು ಮೊಮ್ಮಗಳ ಅಪ್ಪಣೆಯಾಯಿತು. ಹಿಂದೆ ಟೋಪಿ ಶಾಲುಗಳಿಗೆ ತಂದು ಉಳಿದಿದ್ದ ಉಲ್ಲನ್ ಉಂಡೆಗಳು ಏಳು ಸಿಕ್ಕಿದುವು. ಅಂಗಡಿಯವರು ಉಲ್ಲನ್ ಎನ್ನುವರಾದರೂ ಅದರಲ್ಲಿ ಕುರಿಯ ಕೂದಲು ಒಂದೆಳೆಯೂ ಇರದು. ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಚೆಂಡಿಗೆ ಅದೇ ವಾಸಿ, ಬೇಗ ಸವೆಯದು. ಒಳಗೆ ತುಂಬುವುದೇನು? ದಿಂಬಿನ ಹಗುರವಾದ ಹತ್ತಿಯನ್ನು ತುಂಬಿದರೆ ಚೆಂಡು ಗಾಳಿಯಲ್ಲಿ ತೇಲೀತೇ ಹೊರತು ಕಲ್ಲನ್ನು ಉರುಳಿಸಲಾರದು. ಪೀಣ್ಯದಲ್ಲಿ ನಮ್ಮ ಅಣ್ಣನ ಮಗನಿಗೆ ಎರಡು ಲೇತುಗಳ ಒಂದು ಸಣ್ಣ ಕಾರ್ಖಾನೆಯುಂಟು. ಅಲ್ಲಿ ಯಂತ್ರಗಳ ಎಣ್ಣೆ ಒರಸಲು ಬನಿಯನ್ ವೇಸ್ಟ್ ಎಂಬ ಚಿಂದಿಯನ್ನು ಕಿಲೋ ಲೆಕ್ಕದಲ್ಲಿ ತರಿಸುವರು. ಗಾರ್ಮೆಂಟಿನ ಕಾರ್ಖಾನೆಗಳಲ್ಲಿ ಕತ್ತರಿಸಿ ಬಿಟ್ಟ ಬಟ್ಟೆ. ಮೆತ್ತಗಿದ್ದರೂ ಒತ್ತಿದರೆ ತೂಕವಾಗುವುದು. ಅದೇ ತಕ್ಕುದೆಂದು ಹೊರಟೆನು.

ಮೆಟ್ರೋ ರೈಲು ಕಾಡುಗೋಡಿಗೆ ಬಂದುದು 2023ರಲ್ಲಿ. ಮೊದಲ ನಿಲ್ದಾಣವಾದುದರಿಂದ ಕುಳಿತುಕೊಳ್ಳಲು ಸ್ಥಳ ದೊರೆಯಿತು. ಚೀಲ ತಪಾಸಣೆಯ ಹೆಣ್ಣುಮಗಳು ಕಡ್ಡಿಯನ್ನು ಹೊರತೆಗೆದು, “ಇದೇನಮ್ಮಾ?” ಎಂದು ಕೇಳಿ, ಅರ್ಧ ಹೆಣೆದ ಬಟ್ಟಲನ್ನು ಕಂಡು ನಕ್ಕು ಬಿಟ್ಟಳು. ಹೋಪ್‌ಫಾರ್ಮ್ ಚನ್ನಸಂದ್ರ, ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಕುಂದಲಹಳ್ಳಿ, ಸೀತಾರಾಮಪಾಳ್ಯ, ಹೂಡಿ: ಗಾಜಿನ ಗೋಪುರಗಳ ನಡುವೆ ರೈಲು ಕೂಗುವ ಹೆಸರುಗಳೆಲ್ಲ ಹಳ್ಳಿಯವು, ಪಾಳ್ಯದವು. ಹೆಸರಿನಲ್ಲಿಯಾದರೂ ಊರು ಉಳಿದಿರುವುದಲ್ಲಾ ಎಂದು ಸಮಾಧಾನಪಟ್ಟೆನು.

ಗುಂಡು ಹೆಣೆಯುವ ಲೆಕ್ಕವನ್ನು ಇಲ್ಲಿ ಬರೆದರೆ ಮನೆಯಲ್ಲಿ ಕಡ್ಡಿ ಹಿಡಿಯುವವರಿಗೆ ಉಪಯೋಗವಾದೀತು. ಬೆರಳಿಗೆ ದಾರ ಸುತ್ತಿದ ಉಂಗುರದಲ್ಲಿ ಆರು ಕುಣಿಕೆ ಹಾಕಿ ಬಿಗಿಯಬೇಕು. ಎರಡನೆಯ ಸುತ್ತಿಗೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು, ಹೀಗೆ ಸುತ್ತಿಗೆ ಆರಾರು ಏರಿಸುತ್ತ ಆರನೆಯ ಸುತ್ತಿಗೆ 36 ಆಗುವುದು. ಆರೇ ಏಕೆಂದರೆ, ವೃತ್ತದ ಸುತ್ತಳತೆಯು ಅರ್ಧವ್ಯಾಸದ ಆರೂಕಾಲು ಪಟ್ಟಿಗೆ ಸ್ವಲ್ಪ ಮಿಕ್ಕು. ಕುಣಿಕೆಯ ಎತ್ತರವೂ ಅಗಲವೂ ಹೆಚ್ಚು ಕಡಮೆ ಸಮವಾಗಿರುವುದರಿಂದ ಆರು ಸೇರಿಸಿದರೆ ಬಿಲ್ಲೆ ಚಪ್ಪಟೆಯಾಗಿ ಬರುವುದು. ಇನ್ನೂ ಹೆಚ್ಚು ಸೇರಿಸಿದರೆ ಕೋಸಿನ ಎಲೆಯಂತೆ ಅಂಚು ಅಲೆಯಲೆಯಾಗುವುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತಜ್ಞೆಯು 1997ರಲ್ಲಿ ಇದನ್ನೇ ಹಿಡಿದು, ಕಾಗದದಲ್ಲಿ ತೋರಿಸಲು ಕಷ್ಟವಾದ ಒಂದು ಜಾತಿಯ ಜ್ಯಾಮಿತಿಯನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದಳು. ನಮಗೆ ಅಲೆ ಬೇಡ, ಬಾಗು ಬೇಕು. ಆದುದರಿಂದ ಮುಂದಿನ ಆರು ಸುತ್ತುಗಳನ್ನು ಏರಿಸದೆ ಇಳಿಸದೆ 36ರಲ್ಲಿಯೇ ಹೆಣೆದು, ಬಳಿಕ ಆರಾರು ಇಳಿಸುತ್ತ ಮತ್ತೆ ಆರಕ್ಕೆ ಬರಬೇಕು. ಒಟ್ಟು 17 ಸುತ್ತು, 432 ಕುಣಿಕೆ. ಏಳು ಬಣ್ಣಗಳನ್ನು ಎರಡು, ಎರಡು, ಮೂರು, ಮೂರು, ಮೂರು, ಎರಡು, ಎರಡು ಸುತ್ತುಗಳಂತೆ ಹಂಚಿದರೆ ಸರಿಹೊಂದುವುದು. ಕಡ್ಡಿಯು ಸಣ್ಣದಿರಲಿ, ಹೆಣಿಗೆ ಬಿಗಿಯಾಗಿರಲಿ. ಇಲ್ಲವಾದರೆ ಕುಣಿಕೆಗಳ ಸಂದಿನಿಂದ ಚಿಂದಿ ಇಣುಕೀತು.

ಕೃಷ್ಣರಾಜಪುರಕ್ಕೆ ಆರು ಸುತ್ತು ಮುಗಿಯಿತು, ಮೆಜೆಸ್ಟಿಕ್ಕಿಗೆ ಹನ್ನೆರಡು. ಅಲ್ಲಿ ಹಸುರು ಮಾರ್ಗಕ್ಕೆ ಬದಲಾಯಿಸಿ ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುವಾಗ ಹದಿನೈದನೆಯ ಸುತ್ತು ಮುಗಿದು, ಎರಡು ಬೆರಳು ಹೋಗುವಷ್ಟು ಬಾಯಿ ಉಳಿದಿದ್ದಿತು.

ಪೀಣ್ಯವು 1970ರ ದಶಕದಲ್ಲಿ ಹುಟ್ಟಿದ ಕೈಗಾರಿಕಾ ಪ್ರದೇಶ. ವೈಟ್‌ಫೀಲ್ಡಿನಲ್ಲಿ ಕೆಲಸವು ಗಾಜಿನ ಹಿಂದೆ ನಿಶ್ಶಬ್ದವಾಗಿ ನಡೆದರೆ ಇಲ್ಲಿ ಬೀದಿಗೇ ಕೇಳುವುದು: ಉಕ್ಕು ಕೊರೆವ ಕೀರಲು, ಒತ್ತುಯಂತ್ರದ ಬಡಿತ, ಸುಟ್ಟ ಎಣ್ಣೆಯ ವಾಸನೆ. ನನಗೇನೋ ಈ ಊರೇ ಹೆಚ್ಚು ಹಿಡಿಸಿತು. ಇಲ್ಲಿ ಮಾಡಿದ ಪದಾರ್ಥವನ್ನು ಕೈಯಲ್ಲಿ ಹಿಡಿದು ನೋಡಬಹುದು. ಲೇತಿನ ಮುಂದಿದ್ದ ಹಿರಿಯ ಕೆಲಸಗಾರರು ನನ್ನ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿ, “ಗೇಜ್ ಇಲ್ಲದೆ ಗುಂಡಗೆ ಹೇಗೆ ಬರುತ್ತದಮ್ಮ?” ಎಂದರು. ಎಣಿಸುವುದೇ ಗೇಜು ಎಂದೆನು. ಅವರು ಉಕ್ಕನ್ನು ಹೆರೆದು ಹೆರೆದು ಗುಂಡು ಮಾಡುವವರು. ಏನನ್ನೂ ತೆಗೆಯದೆ ಗುಂಡಾದುದು ಅವರಿಗೆ ವಿಸ್ಮಯವಾಗಿ ತೋರಿತು.

“ಇದಕ್ಕೊಂದು ಮಿಶನ್ ಮಾಡಬಹುದಲ್ಲ, ಅತ್ತೆ?” ಎಂದನು ಅಣ್ಣನ ಮಗ. ಎರಡು ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ ಎಂಬವನು 1589ರಲ್ಲಿಯೇ ಯಂತ್ರ ಮಾಡಿದನು. ನಾವು ತೊಡುವ ಬನಿಯನ್ನು ಆ ವಂಶದ್ದು. ಆದರೆ ಒಂದೇ ಕೊಕ್ಕೆಯಿಂದ, ಪ್ರತಿ ಕುಣಿಕೆಯನ್ನೂ ಮುಗಿಸಿಯೇ ಮುಂದೆ ಹೋಗುವ ನಿಜವಾದ ಕ್ರೋಶಾವನ್ನು ವ್ಯಾಪಾರಕ್ಕೆ ಹೆಣೆದುಕೊಡುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಪೇಟೆಯಲ್ಲಿ ಕ್ರೋಶಾದ ಚೀಲವೋ ರವಿಕೆಯೋ ಅಗ್ಗವಾಗಿ ದೊರೆತರೆ, ಎಲ್ಲಿಯೋ ಯಾವಳೋ ಒಬ್ಬ ಹೆಂಗಸಿನ ಬೆರಳಿಗೆ ಕೂಲಿ ಕಡಮೆ ಸಂದಿದೆಯೆಂದೇ ತಿಳಿಯಬೇಕು.

ಎಣ್ಣೆ ಮುಟ್ಟದ ಚಿಂದಿಯನ್ನು ಆರಿಸಿ, ಪೆನ್ಸಿಲ್ಲಿನ ಹಿಂಬದಿಯಿಂದ ಸ್ವಲ್ಪ ಸ್ವಲ್ಪವಾಗಿ ಗಿಡಿದೆನು. ಅಂಚಿಗೆ ಮೊದಲು, ನಡುವಿಗೆ ಆಮೇಲೆ. ಇಲ್ಲವಾದರೆ ಗುಂಡಿನ ಬದಲು ಬದನೆಕಾಯಿ ಆಗುವುದು. ಕೊನೆಯ ಎರಡು ಸುತ್ತು ಹೆಣೆದು, ಉಳಿದ ಆರು ಕುಣಿಕೆಗಳಲ್ಲಿ ದಾರವನ್ನು ಪೋಣಿಸಿ ಬಿಗಿದು ಬಾಲವನ್ನು ಒಳಗೆ ಎಳೆದದ್ದಾಯಿತು. ಕಾರ್ಖಾನೆಯ ತಕ್ಕಡಿಯಲ್ಲಿ 54 ಗ್ರಾಮು ತೂಗಿತು. ಟೆನ್ನಿಸ್ ಚೆಂಡಿನ ನಿಯಮದ ತೂಕ 56ರಿಂದ 59 ಗ್ರಾಮು, ಅದಕ್ಕೆ ಹತ್ತಿರವೇ.

ಇನ್ನು ಬಿಲ್ಲೆಗಳು. ಕೋಟಿಗಟ್ಟಲೆ ಹಣ ಸುರಿದು ಕಲ್ಲು ಹಾಸಿದ ಆ ಕಟ್ಟಡದಲ್ಲಿ ಲಗೋರಿಗೆ ಏಳು ಕಲ್ಲು ದೊರೆಯಲಿಲ್ಲವೆಂದರೆ ವಾಚಕರು ನಗಬಾರದು. ಬೊಮ್ಮಸಂದ್ರದಾಚೆಯ ಜಿಗಣಿಯಲ್ಲಿ ಗ್ರಾನೈಟು ಕೊಯ್ಯುವ ಕಾರ್ಖಾನೆಗಳಿವೆಯೆಂದು ಕೇಳಿದ್ದೆನು. ಹಳದಿ ಮಾರ್ಗವು 2025ರ ಆಗಸ್ಟ್ 10ರಂದು ತೆರೆದಿರುವುದರಿಂದ ಅತ್ತ ಹೋಗುವುದು ಈಗ ಪ್ರಯಾಸವಲ್ಲ. ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ರೈಲಿನ ಕಿಟಕಿಯಿಂದ ಕಂಡದ್ದಾಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದಕ್ಕೆ ಅಡಿಪಾಯ ಹಾಕಿದಾಗ ಸುತ್ತಲೂ ಹೊಲವೇ ಇದ್ದಿತು. ಬೊಮ್ಮಸಂದ್ರದಲ್ಲಿ ಇಳಿದು ಆಟೋ ಹಿಡಿದು ಜಿಗಣಿ ಸೇರಿದೆನು. ಒಂದು ಕಾರ್ಖಾನೆಯ ಬಾಗಿಲಲ್ಲಿ, ಚಪ್ಪಡಿ ಕೊಯ್ದು ಉಳಿದ ಚೂರುಗಳು ರಾಶಿ ಬಿದ್ದಿದ್ದುವು. ಎಲ್ಲವೂ ಎರಡು ಸೆಂಟಿಮೀಟರು ದಪ್ಪ. ಲಗೋರಿಗೆಂದು ಹೇಳಿದ ಕೂಡಲೇ ಅಲ್ಲಿದ್ದ ಕಲಬುರಗಿ ಕಡೆಯ ತರುಣನು ಕಾಸು ಮುಟ್ಟದೆ, ಏಳನ್ನು ಆರಿಸಿ, ಚೂಪಾದ ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ತಾನೇ ಒಂದರ ಮೇಲೊಂದು ಒಟ್ಟಿ ನೋಡಿ ಕೊಟ್ಟನು. “ಚೆಂಡ ಎಲ್ಲೈತ್ರಿ, ಅಮ್ಮಾರ?” ಎಂದು ಕೇಳಿ ತೆಗೆದುಕೊಂಡು ಒಂದು ಸಲ ಹೊಡೆದೂ ನೋಡಿದನು. ಐದು ಕಲ್ಲು ಉರುಳಿದುವು.

ಮರುದಿನ ಸಂಘದ ಕಾರ್ಯದರ್ಶಿಗಳಿಗೆ ಚೆಂಡನ್ನು ತೋರಿಸಲು ಮೊಮ್ಮಗಳೂ ನಾನೂ ಹೋದೆವು. ಅವರು ಹಿಸುಕಿ ನೋಡಿದರು. ಬಳಿಕ ತಮ್ಮ ಮನೆಯ ಗಾಜಿನ ಬಾಗಿಲಿಗೇ ಬಲವಾಗಿ ಎಸೆದರು. ದಪ್ಪೆಂದು ಬಿದ್ದಿತಷ್ಟೆ. ಮತ್ತೊಮ್ಮೆ ಎಸೆದರು. “ಐದರಿಂದ ಆರೂವರೆ. ಇದೊಂದೇ ಚೆಂಡು, ಬೇರೆ ಯಾವುದೂ ಕೂಡದು” ಎಂದು ಅಪ್ಪಣೆ ಕೊಟ್ಟರು. ಹಲಗೆಯನ್ನು ತೆಗೆಯಲಿಲ್ಲ, ಅದರ ಕೆಳಗೆಯೇ ಆಟ ಆರಂಭವಾಯಿತು.

ಮೊದಲ ದಿನ ಬಂದವರು ನಾಲ್ವರು. ನಾಲ್ಕನೆಯ ದಿನ ಹದಿಮೂರು ಮಂದಿ. ಅವರಲ್ಲಿ ಇಬ್ಬರು ಕಾವಲುಗಾರರ ಮಕ್ಕಳು. ಲಗೋರಿಯಲ್ಲಿ ನಿಜವಾದ ಪಳಗಿದ ಕೈ ಅವರದೇ. ಈ ಚೆಂಡು ಪುಟಿಯದು. ಪುಟಿದು ದೂರ ಹೋಗದುದರಿಂದ ಸಣ್ಣ ಅಂಗಳವೂ ಸಾಲುವುದು, ಬೆನ್ನಿಗೆ ಬಿದ್ದರೆ ನೋವೂ ಇಲ್ಲ. ಐದನೆಯ ದಿನ ಅದು ನೀರು ನಿಂತ ಚರಂಡಿಗೆ ಬಿದ್ದು ನೆನೆದು ಕಲ್ಲಿನಂತೆ ಭಾರವಾಯಿತು. ಒಳಗಿನ ಚಿಂದಿ ಆರಲು ಎರಡು ಬಿಸಿಲು ಬೇಕು. ಬಾಲ್ಕನಿಯಲ್ಲಿ ಈರುಳ್ಳಿಯ ಬಲೆಚೀಲದಲ್ಲಿ ನೇತುಹಾಕಿದೆವು. ಹದಿಮೂರು ಮಂದಿಯೂ ಕೆಳಗಿನಿಂದ ಅದನ್ನೇ ನೋಡುತ್ತ ನಿಂತಿದ್ದರು. ಆ ರಾತ್ರಿ ಎರಡನೆಯ ಚೆಂಡಿಗೆ ದಾರ ತೆಗೆದೆನು. ಈ ಸಲ ಉಂಗುರ ಸುತ್ತಿ, ನಾಲಗೆ ಕಚ್ಚಿಕೊಂಡು, ಮೊದಲ ಆರು ಕುಣಿಕೆಗಳನ್ನು ಹಾಕಿದವಳು ಮೊಮ್ಮಗಳು.