ಕೊಕ್ಕರೆ ಬೆಳ್ಳೂರಿನಲ್ಲಿ ಕೊಡೆ

ಯುಗಾದಿ ಮುಗಿದು ಹೊಂಗೆ ಹೂ ಉದುರುವ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಚಿತ್ರ ಬಂದೇ ಬರುತ್ತದೆ. ಹುಣಸೆಮರದ ನೆತ್ತಿಯಲ್ಲಿ ಹೆಜ್ಜಾರ್ಲೆ, ಅದರ ಗಂಟಲ ಚೀಲದೊಳಕ್ಕೆ ಕತ್ತಿನವರೆಗೂ ತಲೆ ತೂರಿಸಿದ ಮರಿ, ಕೆಳಗೆ ಒಂದು ಸಾಲು: ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಈ ಸಾಲು ಬರೆಯುವವರು ಯಾರೂ ಏಪ್ರಿಲ್ಲಿನಲ್ಲಿ ಕೊಕ್ಕರೆ ಬೆಳ್ಳೂರಿನ ಜಗುಲಿಯ ಮೇಲೆ ಒಂದು ರಾತ್ರಿ ಮಲಗಿದವರಲ್ಲ ಎಂದು ನನ್ನ ಗುಮಾನಿ. ಮಲಗಿದ್ದರೆ ಮೊದಲು ವಾಸನೆಯ ಬಗ್ಗೆ ಬರೆಯುತ್ತಿದ್ದರು.

ಅರ್ಧ ಜೀರ್ಣವಾದ ಮೀನು, ಬಿಸಿಲಿಗೆ ಒಣಗಿದ ಹಿಕ್ಕೆ, ಗೂಡಿನಿಂದ ಜಾರಿ ಬಿದ್ದು ಯಾರ ಕಣ್ಣಿಗೂ ಬೀಳದೆ ಬೇಲಿಯ ಮೂಲೆಯಲ್ಲಿ ಉಳಿದುಹೋದ ಮರಿ, ಎಲ್ಲ ಸೇರಿ ಆಗುವ ವಾಸನೆ ಅದು. ಮೊದಲ ದಿನ ಊಟ ಸೇರುವುದಿಲ್ಲ. ಎರಡನೆಯ ದಿನ ಸೇರುತ್ತದೆ. ನನ್ನ ಸೋದರತ್ತೆ ಆ ಊರಿಗೆ ಸೊಸೆಯಾಗಿ ಹೋಗಿ ಐವತ್ತು ವರ್ಷ ದಾಟಿರಬೇಕು. ಆಕೆಗೆ ಇವತ್ತಿಗೂ ಸೇರಿಲ್ಲ. ಆದರೂ ಊಟ ಮಾಡುತ್ತಾಳೆ, ಬೈಯುತ್ತಾ ಮಾಡುತ್ತಾಳೆ. ಹಿತ್ತಿಲಿನಲ್ಲಿ ಎರಡು ಹುಣಸೆಮರ. ಒಂದು ಹೆಜ್ಜಾರ್ಲೆಗಳದ್ದು, ಇನ್ನೊಂದರಲ್ಲಿ ಬಣ್ಣದ ಕೊಕ್ಕರೆಗಳು. ಈ ಎರಡು ಮರಗಳ ಮಧ್ಯೆ ಆಕೆಯ ಬಚ್ಚಲು, ಒಲೆ, ಬಟ್ಟೆ ಒಣಹಾಕುವ ತಂತಿ.

ಅತ್ತೆಯ ಕೈಯಲ್ಲಿ ಸದಾ ಒಂದು ಕಪ್ಪು ಕೊಡೆ. ಮಾರ್ಚಿನ ಸುಡುಬಿಸಿಲಿನಲ್ಲಿ ಕೊಡೆ ಹಿಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಈಕೆ ಬೆಳಗಿನ ಐದು ಗಂಟೆಯ ಕತ್ತಲಿನಲ್ಲೂ ಕೊಡೆ ಬಿಚ್ಚಿಕೊಂಡೇ ಹಿತ್ತಿಲಿಗೆ ಇಳಿಯುವುದು. ಕೊಡೆಯ ಕಪ್ಪು ಎಷ್ಟು ಉಳಿದಿದೆ ಎಂದು ನೋಡಿ ಆ ವರ್ಷ ಗೂಡು ಹೆಚ್ಚೋ ಕಡಿಮೆಯೋ ಎಂದು ಹೇಳಬಹುದು. ಹಕ್ಕಿ ಎಣಿಸುವವರು ದುರ್ಬೀನು ಹಿಡಿದು ಪಡುವ ಪಾಡು ನೋಡಿದಾಗಲೆಲ್ಲ ನನಗೆ ಈ ಕೊಡೆಯ ನೆನಪಾಗುತ್ತದೆ. "ತವರಿಗೆ ಬಂದ ಮಗಳು ಅಂತಾರಲ್ಲ ಮಗ, ಯಾವ ಮಗಳ್ಲಾ ತವರುಮನೆ ಸೂರಿನ್ ಮೇಲೆ ಕುಂತ್ಕಂಡು ಹೇಲೋಳು?" ಎಂದು ಆಕೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ಮಾವ ಒಂದು ಸಲ, ಸೂರಿಗೆ ಒರಗಿದ ಕೊಂಬೆಯೊಂದನ್ನಾದರೂ ಕಡಿಸೋಣವೆಂದು ಕೊಡಲಿಯವನನ್ನು ಕರೆತಂದಾಗ, ಇದೇ ಅತ್ತೆ ಅದೇ ಕೊಡೆಯನ್ನು ಮಡಚಿ ಹಿಡಿದು ಮರದ ಬುಡದಲ್ಲಿ ನಿಂತಳಂತೆ. "ಮೊಟ್ಟೆ ಇಟ್ಟವೆ, ಕಣ್ಣು ಕಾಣಾಕಿಲ್ವಾ?" ಅಷ್ಟೇ ಮಾತು. ಕೊಡಲಿಯವನು ಕಾಫಿ ಕುಡಿದು ಹೋದ.

ಮಾವನ ಸಂಕಟವೂ ಸುಳ್ಳಲ್ಲ. ಹುಣಸೆ ಬಡಿಯುವ ಕಾಲ ಮತ್ತು ಹೆಜ್ಜಾರ್ಲೆ ಮರಿ ಮಾಡುವ ಕಾಲ ಎರಡೂ ಒಂದೇ ಆಗಿರುವುದು ಈ ಊರಿನ ಹಣೆಬರಹ. ಹಣ್ಣು ಬಡಿಯಬೇಕೆಂದರೆ ಮರ ಹತ್ತಬೇಕು, ಕೋಲು ಆಡಿಸಬೇಕು. ಹಾಗೆ ಮಾಡಿದರೆ ಗೂಡು ಉಳಿಯುವುದಿಲ್ಲ. ಗೂಡು ಉಳಿಸಿದರೆ ಹಣ್ಣು ಹಿಕ್ಕೆ ಮೆತ್ತಿಕೊಂಡು ಮರದಲ್ಲೇ ಹಾಳಾಗುತ್ತದೆ. ಮರಕ್ಕಿಷ್ಟು ಎಂದು ಸರ್ಕಾರದಿಂದ ಪರಿಹಾರ ಕೊಡುವ ಏರ್ಪಾಡಿದೆ. ಆ ದುಡ್ಡು ಸಂತೆಯ ಹುಣಸೆಹಣ್ಣಿನ ದರಕ್ಕೆ ಸಮ ಎಂದು ಹೇಳಿದ ಒಬ್ಬ ರೈತನನ್ನೂ ನಾನು ಅಲ್ಲಿ ಕಂಡಿಲ್ಲ. ಹಿಂದೆ ಇದಕ್ಕೆ ಒಂದು ಸರಿದೂಗುವ ಲೆಕ್ಕವಿತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತುಂಬಿ, ಮೇಲಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಹಿಡಿದು ಹೊಲಕ್ಕೆ ಹೊಡೆಯುತ್ತಿದ್ದರು. ಒಳ್ಳೆಯ ಗೊಬ್ಬರ. ಈಗ ಚೀಲದ ಗೊಬ್ಬರ ಮನೆಬಾಗಿಲಿಗೆ ಬರುತ್ತದೆ, ಗುಂಡಿ ತೋಡುವ ರಟ್ಟೆಗಳು ಬೆಂಗಳೂರು ಸೇರಿವೆ.

ಈ ನೆಂಟಸ್ತಿಕೆ ಎಷ್ಟು ಹಳೆಯದು ಎಂದು ಕೇಳಿದರೆ ಊರಿನವರು ಪ್ಲೇಗಿನ ಕಥೆ ಹೇಳುತ್ತಾರೆ. ಮೊದಲು ಊರು ಶಿಂಷಾ ನದಿಯ ಇನ್ನಷ್ಟು ಹತ್ತಿರದಲ್ಲಿತ್ತಂತೆ. ನೂರು ವರ್ಷದ ಹಿಂದೆ ಪ್ಲೇಗು ಬಂದು ಜನ ಗುಳೆ ಎದ್ದು ಈಗಿನ ಜಾಗಕ್ಕೆ ಬಂದರು, ಹಿಂದೆಯೇ ಹಕ್ಕಿಗಳೂ ಬಂದವು. ಅತ್ತೆಗೆ ಇದರಲ್ಲಿ ವಿಶೇಷವೇನೂ ಕಂಡಿಲ್ಲ, "ನಾಯಿನೂ ಬಂದ್ವು" ಎನ್ನುತ್ತಾಳೆ. ಜೆರ್ಡನ್ ಎಂಬ ಸೇನೆಯ ವೈದ್ಯ 1860ರ ದಶಕದಲ್ಲಿ ಅಚ್ಚು ಮಾಡಿಸಿದ ಹಕ್ಕಿಗಳ ಪುಸ್ತಕದಲ್ಲಿ ಕರ್ನಾಟಿಕ್ ಪ್ರಾಂತ್ಯದ ಒಂದು ಹಳ್ಳಿಯ ಪ್ರಸ್ತಾಪವಿದೆ. ಅಲ್ಲಿ ಊರ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆಗಳು ಜನರನ್ನು ಲೆಕ್ಕಿಸದೆ ಗೂಡು ಕಟ್ಟಿಕೊಂಡಿದ್ದವಂತೆ. ಅದು ನಮ್ಮ ಬೆಳ್ಳೂರೇ ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತದೆ. ಆದರೆ ಆ ಕಾಲದ ಇಂಗ್ಲಿಷರ ಬಾಯಲ್ಲಿ ಕರ್ನಾಟಿಕ್ ಎಂದರೆ ಘಟ್ಟದ ಕೆಳಗಿನ ಪೂರ್ವದ ಬಯಲು, ಮದ್ದೂರು ಸೀಮೆಯಲ್ಲ. ಇರಲಿ, ಅಂಥ ಊರುಗಳು ಆಗ ಹಲವು ಇದ್ದವು ಎಂದಾಯಿತು. ಈಗ ಬೆರಳೆಣಿಕೆಯಷ್ಟು.

ಬೆಳ್ಳೂರಿನ ಹಕ್ಕಿಗಳು ಹೊರಲೋಕಕ್ಕೆ ಗೊತ್ತಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ. ಬೆಂಗಳೂರಿನ ರಸ್ತೆಗಳಲ್ಲಿ ಎಂಬತ್ತರ ದಶಕದಲ್ಲಿ ಲಕ್ಷಾಂತರ ಗಿಡ ನೆಡಿಸಿದರಲ್ಲ, ಅವರೇ. ಆಮೇಲೆ ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಬಂದು ಊರ ಹುಡುಗರನ್ನು ಕೂಡಿಸಿಕೊಂಡರು. ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ. ಸುಲಭವೆಂದುಕೊಳ್ಳಬೇಡಿ. ಬಲಿತ ಹೆಜ್ಜಾರ್ಲೆ ನಾಲ್ಕರಿಂದ ಆರು ಕಿಲೋ ತೂಗುತ್ತದೆ, ಅದರ ಮರಿಯ ಹೊಟ್ಟೆಗೆ ತಳವಿಲ್ಲ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅಂದರೆ ಜಮೀನು ಜನರದ್ದೇ, ಮರ ಜನರದ್ದೇ, ಹಕ್ಕಿಯನ್ನು ಕಾಪಾಡುವ ಹೊಣೆಯೂ ಬಹುಮಟ್ಟಿಗೆ ಜನರದ್ದೇ.

ಈಚೆಗೆ ಹೋದಾಗ ಎಕ್ಸ್‌ಪ್ರೆಸ್ ಹೆದ್ದಾರಿ ನನ್ನನ್ನು ಮದ್ದೂರಿನ ಪಕ್ಕದಿಂದ ಹಾರಿಸಿಕೊಂಡು ಹೋಗುವುದರಲ್ಲಿತ್ತು. ವಡೆಯೂ ಇಲ್ಲ, ರುದ್ರಾಕ್ಷಿಪುರದ ತಿರುವೂ ಇಲ್ಲ. ಹಳೆಯ ರಸ್ತೆಗೆ ಇಳಿದು, ಊರು ಸೇರುವಷ್ಟರಲ್ಲಿ ಎಂಟು ಗಂಟೆ. ಬೀದಿಯ ತುಂಬ ಕಾರುಗಳು. ಕಾಡುಬಣ್ಣದ ಅಂಗಿ, ಕಾಡುಬಣ್ಣದ ಟೋಪಿ, ಕ್ಯಾಮೆರಾದ ಉದ್ದ ಕೊಳವೆಗೂ ಕಾಡುಬಣ್ಣದ ಬಟ್ಟೆ ಸುತ್ತಿದ ಹತ್ತಾರು ಜನ, ಮೇಕೆ ಕಟ್ಟಿದ್ದ ಗೋಡೆಯ ಮರೆಯಲ್ಲಿ ಬಾಗಿ ಬಾಗಿ ನಡೆಯುತ್ತಿದ್ದರು. ಅವರ ತಲೆಯ ಮೇಲಿನ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಕಟಕಟಿಸುತ್ತಾ ತಮ್ಮ ಪಾಡಿಗೆ ಇದ್ದವು. ಅದೇ ಮರದ ಕೆಳಗೆ ಕಡುಗೆಂಪು ಸೀರೆಯುಟ್ಟು ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನು ಆ ಹಕ್ಕಿಗಳು ಎಷ್ಟು ವರ್ಷದಿಂದ ನೋಡಿವೆಯೋ. "ಇವ್ರೇನ್ ಮಗ, ಮಿಲ್ಟ್ರಿಯವ್ರಾ?" ಎಂದು ಅತ್ತೆ ಪಿಸುಗುಟ್ಟಿದಳು. ಅಷ್ಟರಲ್ಲಿ ಒಬ್ಬ ತರುಣ ಬಂದು, "ಅಜ್ಜಿ, ಸ್ವಲ್ಪ ಆ ಬಟ್ಟೆ ತೆಗೀತೀರಾ, ಫ್ರೇಮಲ್ಲಿ ಬರ್ತಾ ಇದೆ" ಎಂದ. ಅತ್ತೆ ತೆಗೆಯಲಿಲ್ಲ. ಒಳಗಿನಿಂದ ಇನ್ನೊಂದು ಕಂಬಳಿ ತಂದು ಹರವಿದಳು.

ಸಂಜೆ ಶಿಂಷಾ ದಂಡೆಗೆ ಹೋದೆ. ನೀರು ಕಡಿಮೆಯಾಗಿ ಮರಳು ಮೇಲೆದ್ದ ಕಡೆ ಒಂದು ಕಪ್ಪುಬಿಳುಪು ಮಿಂಚುಳ್ಳಿ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತಿತ್ತು. ಟಿಟ್ಟಿಭಗಳು ಎದ್ದೆದ್ದು ಕೂಗುತ್ತಿದ್ದುದು ನೋಡಿದರೆ ಅಲ್ಲೇ ಎಲ್ಲೋ ಬರೀ ನೆಲದ ಮೇಲೆ ಮೊಟ್ಟೆ ಇಟ್ಟಿರಬೇಕು. ದೂರದ ತೋಪಿನಲ್ಲಿ ಕೋಗಿಲೆ. ಬೇಸಿಗೆಯ ಆರಂಭದಲ್ಲಿ ಇವೆಲ್ಲ ನಮ್ಮ ಯಾವ ಊರಿನಲ್ಲೂ ಸಿಗುತ್ತವೆ, ಕ್ಯಾಮೆರಾದವರು ಯಾರೂ ಇತ್ತ ಬಂದಿರಲಿಲ್ಲ. ನನ್ನ ಕಣ್ಣು ಬೇರೆ ಕಡೆ ಇತ್ತು. ಬೆಳ್ಳೂರಿನ ಹಕ್ಕಿಗಳು ಬೆಳ್ಳೂರಿನಲ್ಲಿ ಉಣ್ಣುವುದಿಲ್ಲ. ತೈಲೂರು, ಸೂಳೆಕೆರೆ ಹೀಗೆ ಸುತ್ತಲ ಕೆರೆಗಳಿಂದ ಮೀನು ಹೊತ್ತು ತರುತ್ತವೆ. ಕೆರೆ ಕೆಟ್ಟರೆ ಮರ ಕಾಪಾಡಿ ಏನು ಬಂತು? 2017ರ ಕೊನೆಯಿಂದ ಮುಂದಿನ ಬೇಸಿಗೆಯವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಕಳಚಿ ಬಿದ್ದು ಸತ್ತವು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ಜಂತುಹುಳು. ಮೀನಿನ ಮೂಲಕ ಬಂದ ಹುಳು ಎಂದರು. ಆ ವರ್ಷ ಅತ್ತೆ ಬೈಯುವುದನ್ನು ನಿಲ್ಲಿಸಿದ್ದಳೆಂದು ಮಾವ ಹೇಳಿದರು, ಅದು ಅವರಿಗೆ ಹಕ್ಕಿ ಸತ್ತದ್ದಕ್ಕಿಂತ ಹೆಚ್ಚು ದಿಗಿಲು ತಂದಿತ್ತಂತೆ.

ಈಗ ಮತ್ತೆ ಬೈಯುತ್ತಿದ್ದಾಳೆ. ಒಳ್ಳೆಯ ಲಕ್ಷಣ. ನನ್ನ ಚಿಂತೆ ಇರುವುದು ಮರಗಳದ್ದು. ಹಳೆಯ ಹುಣಸೆಗಳು ಟೊಳ್ಳಾಗಿ ಒಂದೊಂದೇ ಬೀಳುತ್ತಿವೆ, ಹೊಸ ಮನೆಗೆ ಪಾಯ ತೆಗೆಯುವವರಿಗೆ ಬೇರು ಅಡ್ಡ ಬರುತ್ತದೆ, ಹಿತ್ತಿಲಿನಲ್ಲಿ ಹೊಸದಾಗಿ ಹುಣಸೆ ನೆಡುವ ಹುಚ್ಚು ಯಾರಿಗೂ ಇಲ್ಲ. ನೆಟ್ಟರೂ ಹೆಜ್ಜಾರ್ಲೆಯ ಸಂಸಾರ ಹೊರುವಷ್ಟು ಕೊಂಬೆ ಬಲಿಯಲು ಒಂದು ತಲೆಮಾರು ಬೇಕು. ಗೂಡಿನ ಋತು ಬಂದಾಗ ಓಡೋಡಿ ಬರುವ ನಮಗೆ ಗೂಡಿಲ್ಲದ ಆಷಾಢದಲ್ಲಿ ಬಂದು ಒಂದು ಸಸಿ ನೆಡುವುದು ಹೊಳೆದೇ ಇಲ್ಲ.

ಹೋಗುವುದಿದ್ದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೋಗಿ. ಕಾಡುಬಣ್ಣದ ಅಂಗಿ ಬೇಡ, ಹಳೆಯದೊಂದು ಕೊಡೆ ಸಾಕು. ಡ್ರೋನ್ ಮನೆಯಲ್ಲೇ ಇರಲಿ. ಕ್ಯಾಮೆರಾ ಎತ್ತುವ ಮುಂಚೆ ಆ ಮರ ಯಾರದ್ದು ಎಂದು ಕೇಳಿ, ಅವರನ್ನು ಮಾತನಾಡಿಸಿ. ಹಿತ್ತಿಲಿನಲ್ಲಿ ಹುಣಸೆಮರ ಇಟ್ಟುಕೊಂಡು ಸಾರಿಗೆ ಹುಣಸೆಹಣ್ಣನ್ನು ಸಂತೆಯಿಂದ ಕೊಂಡು ತರುವ ಜನ ಅವರು.